ಹೊಸ ಹೊಟ್ಟೆ, ಹಳೆಯ ಬಟ್ಟಲು

ಐವತ್ತಾರು ವರ್ಷ ಕಾಲ ನನ್ನ ಸೇವೆ ಮಾಡಿದ ಜಠರವನ್ನು 2022ನೆಯ ಇಸವಿಯ ಫೆಬ್ರವರಿ ತಿಂಗಳಲ್ಲಿ ಬೆಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಿವೃತ್ತಿಗೊಳಿಸಲಾಯಿತು. ನಿವೃತ್ತಿ ಎಂಬ ಮಾತನ್ನು ಯೋಚಿಸಿಯೇ ಬಳಸಿದ್ದೇನೆ, ಅದನ್ನು ತೆಗೆದುಹಾಕಲಿಲ್ಲ. ಈಗಲೂ ಅದು ತನ್ನ ಹಳೆಯ ಸ್ಥಳದಲ್ಲಿಯೇ ಇದ್ದು, ಅಷ್ಟಿಷ್ಟು ರಸವನ್ನು ಸುರಿಸುತ್ತ, ಪಿಂಚಣಿದಾರನಂತೆ ಕಾಲ ಕಳೆಯುತ್ತಿದೆ. ಆದರೆ ನಾನು ಉಂಡ ಅನ್ನ ಅದರ ಕಡೆಗೆ ಸುಳಿಯುವುದಿಲ್ಲ. ಅನ್ನನಾಳದ ತುದಿಯಲ್ಲಿ ಜಠರದ ಒಂದು ಚೂರನ್ನು ಬೇರ್ಪಡಿಸಿ, ಮೊಟ್ಟೆಯ ಗಾತ್ರದ ಒಂದು ಸಂಚಿಯನ್ನು ಮಾಡಿ, ಸಣ್ಣ ಕರುಳನ್ನು ಮೇಲಕ್ಕೆಳೆದು ಅದಕ್ಕೆ ನೇರವಾಗಿ ಹೊಲಿದುಬಿಟ್ಟಿದ್ದಾರೆ. ಆ ಸಂಚಿಯಲ್ಲಿ ಹಿಡಿಯುವುದು ಸುಮಾರು 30 ಮಿಲಿಲೀಟರು. ನನ್ನ ತಾಯಿ ಬದುಕಿದ್ದಿದ್ದರೆ, ಎಳೆಯ ಮಗುವಿಗೆ ಹಾಲು ಹಾಕುವ ಒಳಲೆಯಷ್ಟು ಎನ್ನುತ್ತಿದ್ದಳು. ವೈದ್ಯರು ಆ ಅಂಕಿಯನ್ನು ಹೇಳಿದಾಗ ನನಗೆ ಹೊಳೆದ ಹೋಲಿಕೆ ಬೇರೆ. 30 ಮಿಲಿಲೀಟರೆಂದರೆ ಒಂದು ಸ್ಮಾಲ್. ಒಂದು ಲಾರ್ಜಿನ ಅರ್ಧ.

ಅಂಥ ಹೋಲಿಕೆ ಹೊಳೆದುದಕ್ಕೆ ಕಾರಣವಿದೆ. ಪ್ರತಿ ಶನಿವಾರ ಸಂಜೆ ಮಿತ್ರರೊಬ್ಬರ ಮನೆಯ ತಾರಸಿಯ ಮೇಲೆ ನಾವು ನಾಲ್ವರು ಸೇರುತ್ತಿದ್ದೆವು. ಮಾತು, ಇಸ್ಪೀಟು, ಹುರಿಗಡಲೆ, ಎರಡು ಲಾರ್ಜ್. ಮೂರನೆಯದನ್ನು ನಾನು ಎಂದೂ ಮುಟ್ಟಿದವನಲ್ಲ. ಬ್ಯಾಂಕಿನಲ್ಲಿ ಮೂವತ್ತು ವರ್ಷ ನೋಟು ಎಣಿಸಿದ ಕೈ. ಅಳತೆ ತಪ್ಪುವುದಿಲ್ಲವೆಂಬ ಹೆಮ್ಮೆ ನನಗಿತ್ತು. ಮನೆಗೆ ಬರುವ ದಾರಿಯಲ್ಲಿ ಒಂದು ಎಲೆ ಅಡಿಕೆ ಹಾಕಿಕೊಂಡರೆ ಪ್ರಪಂಚ ಮೊದಲಿನಂತೆಯೇ ಆಗುತ್ತಿತ್ತು. ನನ್ನ ಹೆಂಡತಿ ಏನನ್ನೂ ಕೇಳುತ್ತಿರಲಿಲ್ಲ. ಆಕೆಗೆ ತಿಳಿದಿಲ್ಲವೆಂದು ನಾನು ತಿಳಿದುಕೊಂಡಿದ್ದೆ. ಗಂಡಸರ ಮೂಢನಂಬಿಕೆಗಳಲ್ಲಿ ಇದು ಅತ್ಯಂತ ಪುರಾತನವಾದುದು.

ಆಗ ನನ್ನ ತೂಕ 121 ಕಿಲೋಗ್ರಾಂ. ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳುತ್ತಿದ್ದೆ. ಶಸ್ತ್ರಚಿಕಿತ್ಸೆಗೆ ಮುಂಚೆ ವೈದ್ಯರು ನನ್ನನ್ನೂ ಮನೆಯವರನ್ನೂ ಕೂರಿಸಿಕೊಂಡು ಒಂದೊಂದಾಗಿ ಪ್ರಶ್ನೆ ಕೇಳಿ ಬರೆದುಕೊಂಡರು. ಹೊಗೆಸೊಪ್ಪು ಆಯಿತು, ನಿದ್ರೆ ಆಯಿತು. “ಮದ್ಯಪಾನದ ಅಭ್ಯಾಸ ಉಂಟೇ?” ಎಂದರು. ನಾನು ಬಾಯಿ ತೆರೆಯುವ ಮೊದಲೇ ಪಕ್ಕದಲ್ಲಿ ಕುಳಿತಿದ್ದ ನನ್ನ ಅಣ್ಣ, “ನಮ್ಮ ಮನೆತನದಲ್ಲಿ ಅದೆಲ್ಲ ಇಲ್ಲ ಡಾಕ್ಟ್ರೇ” ಎಂದುಬಿಟ್ಟರು. ವೈದ್ಯರು ಒಂದು ಕ್ಷಣ ನನ್ನ ಮುಖವನ್ನು ನೋಡಿದರು. ನನ್ನ ಹೆಂಡತಿ ತೊಡೆಯ ಮೇಲಿದ್ದ ಕೈಚೀಲವನ್ನು ನೋಡಿದಳು. ನಾನು ಗೋಡೆಯ ಮೇಲಿನ ಜಠರದ ಚಿತ್ರವನ್ನು ನೋಡಿದೆ. ವೈದ್ಯರು “ಇಲ್ಲ” ಎಂದು ಬರೆದುಕೊಂಡರು. ಆಸ್ಪತ್ರೆಯಿಂದ ಬರುವಾಗ ಕೊಟ್ಟ ಕಾಗದದಲ್ಲಿ ಮದ್ಯದ ವಿಷಯವಾಗಿ ಎರಡು ಸಾಲು ಇದ್ದುದು ನಿಜ. ಕುಡಿಯದವನಿಗೆ ಆ ಸಾಲುಗಳಿಂದ ಏನಾಗಬೇಕು? ವಿಮೆಯ ಕಾಗದಗಳ ಜೊತೆಗೆ ಅದನ್ನೂ ಕಡತಕ್ಕೆ ಸೇರಿಸಿದೆ. ನೆಂಟರಿಷ್ಟರಿಗೆಲ್ಲ ಹರ್ನಿಯಾ ಆಪರೇಷನ್ ಎಂದು ಹೇಳಿದ್ದಾಯಿತು. ದಪ್ಪಗಿದ್ದುದು ನಾಚಿಕೆ; ಅದಕ್ಕೆ ಕತ್ತರಿ ಹಾಕಿಸಿಕೊಂಡುದು ಇನ್ನೂ ನಾಚಿಕೆ. ಹೀಗೆ ಒಂದೇ ಹೊಟ್ಟೆಯಲ್ಲಿ ಎರಡು ಗುಟ್ಟುಗಳು ಪರಸ್ಪರ ಪರಿಚಯವಿಲ್ಲದೆ ವಾಸಮಾಡತೊಡಗಿದವು.

ಆಸ್ಪತ್ರೆಯಲ್ಲಿ ನನ್ನ ಪಕ್ಕದ ಕೋಣೆಯಲ್ಲಿ ಹುಬ್ಬಳ್ಳಿಯ ಕಡೆಯ ಒಬ್ಬ ತರುಣ ಇದ್ದ. ಬಟ್ಟೆಯ ವ್ಯಾಪಾರ, ಮೂವತ್ತೆರಡು ವಯಸ್ಸು, ಒಳ್ಳೆಯ ನಗೆಗಾರ. ಅವನದು ಬೇರೆ ಬಗೆಯ ಶಸ್ತ್ರಚಿಕಿತ್ಸೆ. ಜಠರದ ಮುಕ್ಕಾಲು ಪಾಲಿಗೂ ಮಿಕ್ಕಿ ಕತ್ತರಿಸಿ ತೆಗೆದು, ಉಳಿದುದನ್ನು ಬಾಳೆಯ ಕಾಯಿಯಂತಹ ಕೊಳವೆಯನ್ನಾಗಿ ಮಾಡುವುದು. ನಮ್ಮಲ್ಲಿ ಈಗ ಇದೇ ಹೆಚ್ಚು ಬಳಕೆಯಲ್ಲಿದೆ. ಮೂರನೆಯ ದಿನ ಇಬ್ಬರೂ ಉಪ್ಪುನೀರಿನ ಬಾಟಲಿಗಳನ್ನು ತೂಗುಹಾಕಿಕೊಂಡು ಪಡಸಾಲೆಯಲ್ಲಿ ಅಡ್ಡಾಡುವಾಗ ಸ್ನೇಹವಾಯಿತು. ಊರಿಗೆ ಹೋದಮೇಲೆ ವಾರಕ್ಕೊಮ್ಮೆ ದೂರವಾಣಿ ಮಾಡುತ್ತಿದ್ದ. “ಕಾಕಾ, ಎಷ್ಟ ಕಿಲೋ ಇಳದ್ರಿ?” ಎಂಬುದು ಅವನ ಮೊದಲನೆಯ ಮಾತು. ನನ್ನ ಲೆಕ್ಕ ಹೇಳಿದರೆ, “ನಾ ನಿಮ್ಮನ್ನ ಹಿಂದ ಹಾಕಿದೆ ಬಿಡ್ರಿ” ಎಂದು ನಗುತ್ತಿದ್ದ.

ಇಳಿದುದಂತೂ ಇಳಿಯಿತು. ಒಂಬತ್ತು ತಿಂಗಳಲ್ಲಿ ನನ್ನ ತೂಕ 88ಕ್ಕೆ ಬಂತು, ಇನ್ಸುಲಿನ್ ನಿಂತಿತು, ಬೆಳಗ್ಗೆ ಎದ್ದು ಬಗ್ಗಿ ನನ್ನ ಪಾದರಕ್ಷೆಯ ಪಟ್ಟಿಯನ್ನು ನಾನೇ ಕಟ್ಟಿಕೊಂಡೆ. ಈ ಚಿಕಿತ್ಸೆಯನ್ನು ಹಳಿಯುವುದಕ್ಕಾಗಿ ನಾನು ಇದನ್ನು ಬರೆಯುತ್ತಿಲ್ಲವೆಂಬುದನ್ನು ವಾಚಕರು ದಯವಿಟ್ಟು ನೆನಪಿನಲ್ಲಿಡಬೇಕು. ಅದು ನನ್ನ ಆಯುಸ್ಸನ್ನು ಹೆಚ್ಚಿಸಿದೆ ಎಂದೇ ನನ್ನ ನಂಬಿಕೆ. ಮರಳಿ ಕೇಳಿದರೆ ಮರಳಿ ಒಪ್ಪಿಕೊಂಡೇನು.

ಆ ವರ್ಷದ ನವೆಂಬರಿನಲ್ಲಿ ತಾರಸಿಯ ಮಿತ್ರರ ಮಗಳ ನಿಶ್ಚಿತಾರ್ಥವಾಯಿತು. ಸಂಜೆ ಬಂಧುಗಳೆಲ್ಲ ಹೋದಮೇಲೆ ನಾವು ನಾಲ್ವರು ಹಳೆಯ ಜಾಗದಲ್ಲಿ ಸೇರಿದೆವು. ಎರಡರ ಬದಲು ಒಂದೇ ಸಾಕು ಎಂದು ನಾನು ದೊಡ್ಡ ಸಂಯಮಿಯಂತೆ ನುಡಿದು ಒಂದು ಲಾರ್ಜ್ ತೆಗೆದುಕೊಂಡೆ. ಹತ್ತು ನಿಮಿಷ ಕಳೆದಿರಲಾರದು. ಎದುರಿಗೆ ಕುಳಿತ ಮಿತ್ರರ ಮುಖ ದೂರ ಸರಿಯಿತು, ನನ್ನ ಮಾತು ಬೇರೆ ಯಾರೋ ಆಡುತ್ತಿರುವಂತೆ ಕೇಳಿಸಿತು, ಮೊಣಕಾಲು ನನ್ನದಲ್ಲವೆನ್ನಿಸಿತು. ಅವರೆಲ್ಲ ಬಿದ್ದು ಬಿದ್ದು ನಕ್ಕರು. “ಏನಯ್ಯ, ನಿನಗೆ ಖರ್ಚು ಅರ್ಧ ಉಳಿಯಿತಲ್ಲ! ನಾವೂ ಹೊಲಿಸಿಕೊಳ್ಳೋಣ” ಎಂದರು ಒಬ್ಬರು. ನಾನೂ ನಕ್ಕೆ. ಒಂದು ಗಂಟೆ ಕಳೆದಮೇಲೆ ಎಲ್ಲವೂ ತಿಳಿಯಾದಂತೆ ತೋರಿತು. ಕಾರು ನಡೆಸಿಕೊಂಡು ಮನೆಗೆ ಬಂದು, ನನ್ನ ಮನೆಯ ಗೇಟಿನ ಕಂಬಕ್ಕೇ ಗುದ್ದಿದೆ. ಆ ಕಂಬದ ಬುಡದಲ್ಲಿ ಎದುರುಮನೆಯ ಮಕ್ಕಳು ಸಂಜೆಯೆಲ್ಲ ಕುಂಟಾಬಿಲ್ಲೆ ಆಡುತ್ತವೆ. ಆಗ ರಾತ್ರಿ ಹತ್ತೂವರೆ. ಸೀಮೆಸುಣ್ಣದ ಗೆರೆಗಳು ಮಾತ್ರ ಇದ್ದವು. ಬ್ರೇಕು ಹಿಡಿಯಲಿಲ್ಲವೆಂದು ಹೆಂಡತಿಗೆ ಹೇಳಿದೆ. ಮಾರನೆಯ ದಿನ ಬಂದ ಮೆಕ್ಯಾನಿಕ್ಕನು ಬ್ರೇಕನ್ನು ಆಮೂಲಾಗ್ರವಾಗಿ ಪರೀಕ್ಷಿಸಿ, ಇಂಥ ಒಳ್ಳೆಯ ಬ್ರೇಕನ್ನು ತಾನು ನೋಡಿಯೇ ಇಲ್ಲವೆಂದು ಆಕೆಯ ಎದುರಿಗೇ ಹೇಳಿದ.

ಇದರ ಮರ್ಮ ಏನೆಂಬುದನ್ನು ನಾನು ಬಹಳ ದಿನ ವಿಚಾರಿಸಲಿಲ್ಲ. ಈಗ ಓದಿ, ಕೇಳಿ ತಿಳಿದುಕೊಂಡುದನ್ನು ಹೇಳುತ್ತೇನೆ. ಜಠರವೆಂಬುದು ಬರಿಯ ಚೀಲವಲ್ಲ. ಅದು ಸುಂಕದ ಕಟ್ಟೆ. ಕುಡಿದುದನ್ನು ಅದು ತಡೆದು ನಿಲ್ಲಿಸಿಕೊಳ್ಳುತ್ತದೆ; ಅನ್ನದೊಡನೆ ಬೆರೆಸುತ್ತದೆ; ಕೆಳಬಾಗಿಲನ್ನು ಆಗಾಗ ತೆರೆದು ಸ್ವಲ್ಪ ಸ್ವಲ್ಪವಾಗಿ ಕರುಳಿಗೆ ಬಿಡುತ್ತದೆ. ಅದರ ಒಳಗೋಡೆಯಲ್ಲಿರುವ ಆಲ್ಕೊಹಾಲ್ ಡಿಹೈಡ್ರೋಜಿನೇಸ್ ಎಂಬ ಕಿಣ್ವವು ಮದ್ಯದ ಒಂದು ಪಾಲನ್ನು ಅಲ್ಲಿಯೇ ಮುರಿಯುತ್ತದೆ. ಮದ್ಯ ರಕ್ತಕ್ಕೆ ಸೇರುವುದು ಬಹುಮಟ್ಟಿಗೆ ಸಣ್ಣ ಕರುಳಿನಲ್ಲಿ. ನನ್ನಂಥವರಲ್ಲಿ ಆ ಕಟ್ಟೆಯೂ ಇಲ್ಲ, ಆ ಬಾಗಿಲೂ ಇಲ್ಲ. ಗಂಟಲಿನಿಂದ ಇಳಿದುದು ನಿಮಿಷಗಳಲ್ಲಿ ಕರುಳಿಗೆ, ಅಲ್ಲಿಂದ ರಕ್ತಕ್ಕೆ, ರಕ್ತದಿಂದ ತಲೆಗೆ. ಹುಬ್ಬಳ್ಳಿಯ ತರುಣನಂತಹವರಲ್ಲಿ ಕೆಳಬಾಗಿಲು ಉಳಿದಿರುತ್ತದೆಯಾದರೂ ಇಕ್ಕಟ್ಟಾದ ಕೊಳವೆ ಬೇಗನೆ ಬರಿದಾಗುತ್ತದೆ. ಇದರ ಮೇಲೆ ಮೈಯ ತೂಕವೂ ಇಳಿದಿರುವುದರಿಂದ ಅಷ್ಟೇ ಮದ್ಯ ಹರಡಿಕೊಳ್ಳುವುದಕ್ಕೆ ಮೊದಲಿದ್ದಷ್ಟು ಜಾಗವಿಲ್ಲ.

ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದವರು ಇದನ್ನು ಅಳೆದು 2011ರಲ್ಲಿ ಪ್ರಕಟಿಸಿದರು. ನನ್ನಂಥ ಶಸ್ತ್ರಚಿಕಿತ್ಸೆಗೆ ಬಂದ 19 ಮಂದಿಗೆ ಸುಮಾರು 150 ಮಿಲಿಲೀಟರು ದ್ರಾಕ್ಷಾರಸದ ಮದ್ಯವನ್ನು ಕುಡಿಸಿ, ಉಸಿರಿನ ಮೂಲಕ ಪರೀಕ್ಷೆ ಮಾಡಿದರು. ಶಸ್ತ್ರಚಿಕಿತ್ಸೆಗೆ ಮುಂಚೆ ರಕ್ತದಲ್ಲಿ ಮದ್ಯದ ಮಟ್ಟ ಶೇಕಡಾ 0.024ಕ್ಕೆ ಏರಿತ್ತು; ಮೂರು ತಿಂಗಳ ಮೇಲೆ ಅದೇ ಬಟ್ಟಲಿಗೆ 0.059, ಆರು ತಿಂಗಳಿಗೆ 0.088. ಮತ್ತು ಇಳಿಯಲು ಮೊದಲು 49 ನಿಮಿಷ ಸಾಕಾಗಿದ್ದರೆ ಆರು ತಿಂಗಳ ಮೇಲೆ 88 ನಿಮಿಷ ಬೇಕಾಯಿತು. ನಮ್ಮ ದೇಶದ ಮೋಟಾರು ವಾಹನ ಕಾಯಿದೆಯಲ್ಲಿ ವಾಹನ ನಡೆಸುವವನಿಗೆ ಹಾಕಿರುವ ಮಿತಿ 100 ಮಿಲಿಲೀಟರು ರಕ್ತಕ್ಕೆ 30 ಮಿಲಿಗ್ರಾಂ, ಅಂದರೆ ಶೇಕಡಾ 0.03. ಒಂದೇ ಬಟ್ಟಲು, ಒಂದೇ ಮನುಷ್ಯ. ಫೆಬ್ರವರಿಯಲ್ಲಿ ಕಾನೂನಿನ ಒಳಗೆ, ಆಗಸ್ಟಿನಲ್ಲಿ ಅದರ ಸುಮಾರು ಮೂರರಷ್ಟು ಹೊರಗೆ. ಸೇಂಟ್ ಲೂಯಿಸ್ ನಗರದ ವಾಷಿಂಗ್ಟನ್ ವಿಶ್ವವಿದ್ಯಾಲಯದವರು 2015ರಲ್ಲಿ ಹೆಂಗಸರನ್ನು ಪರೀಕ್ಷಿಸಿ, ಎರಡು ಪಾನಗಳು ನಾಲ್ಕರಷ್ಟು ಆಗುತ್ತವೆಂದು ಕಂಡರು. ಕೊಳವೆಯ ಶಸ್ತ್ರಚಿಕಿತ್ಸೆಯಲ್ಲಿಯೂ ಹೀಗೆಯೇ ಎಂದು 2018ರಲ್ಲಿ ತಿಳಿದುಬಂತು. ಅಳತೆ ತಪ್ಪದ ನನ್ನ ಕೈ ಅಂದು ತಾರಸಿಯ ಮೇಲೆ ಒಂದು ಲಾರ್ಜನ್ನೇ ಅಳೆದಿತ್ತು. ಬಟ್ಟಲಿನಲ್ಲಿ ಒಂದು, ಹೊಟ್ಟೆಯಲ್ಲಿ ಎರಡು.

ಬೇಗ ಏರಿದುದು ಅಪಾಯವೆಂಬುದು ಸ್ಪಷ್ಟ. ಅದಕ್ಕಿಂತ ಸೂಕ್ಷ್ಮವಾದ ಅಪಾಯ, ಬೇಗ ಏರಿದುದು ಹಿತವಾಗಿಯೂ ಇರುತ್ತದೆ ಎಂಬುದು. ಇದನ್ನು ಯಾವ ಕಾಗದದಲ್ಲಿಯೂ ಬರೆದಿರಲಿಲ್ಲ. ಶನಿವಾರದ ಒಂದು ಲಾರ್ಜ್ ಬುಧವಾರದ ಒಂದು ಸ್ಮಾಲನ್ನು ಕರೆಯಿತು. ಬುಧವಾರ ಸೋಮವಾರವನ್ನು ಕರೆಯಿತು. ಅನ್ನ ಎರಡು ತುತ್ತಿಗೆ ಬೇಡವಾಗುತ್ತಿತ್ತು, ಇದು ಬೇಡವಾಗುತ್ತಿರಲಿಲ್ಲ. 2023ರ ಬೇಸಗೆಯ ಹೊತ್ತಿಗೆ ನಾನು ವಾರದಲ್ಲಿ ಐದು ಸಂಜೆ ಕುಡಿಯುವವನಾಗಿದ್ದೆ. ಹೊಟ್ಟೆ ದೊಡ್ಡದಾಗಿದ್ದ ಕಾಲದಲ್ಲಿ ನಾನು ಎಂದೂ ಹಾಗಿರಲಿಲ್ಲ.

ಹೊಟ್ಟೆಬಾಕತನ ಹೋದೆಡೆಯಲ್ಲಿ ಕುಡಿತ ಬಂದು ಕೂರುತ್ತದೆ, ಒಂದು ಚಪಲದ ಜಾಗಕ್ಕೆ ಮತ್ತೊಂದು, ಎಂದು ಹಲವರು ಹೇಳುತ್ತಾರೆ. ಕೇಳುವುದಕ್ಕೆ ಚೆನ್ನಾಗಿದೆ, ಉಪದೇಶ ಮಾಡುವುದಕ್ಕೂ ಅನುಕೂಲ. ಆದರೆ ಅಷ್ಟೇ ಆಗಿದ್ದರೆ ಇಲಿಗಳ ವಿಷಯವೇನು? ಪೆನ್ಸಿಲ್ವೇನಿಯಾದ ಸಂಶೋಧಕರು ಇಲಿಗಳಿಗೆ ನನ್ನಂಥದೇ ಶಸ್ತ್ರಚಿಕಿತ್ಸೆ ಮಾಡಿ, ಮದ್ಯವನ್ನು ಬಾಯಿಗಲ್ಲದೆ ನೇರವಾಗಿ ರಕ್ತನಾಳಕ್ಕೆ ಬರುವಂತೆ ಏರ್ಪಡಿಸಿದರು. ಆಗಲೂ ಶಸ್ತ್ರಚಿಕಿತ್ಸೆಯಾದ ಇಲಿಗಳೇ ಅದನ್ನು ಹೆಚ್ಚಾಗಿ ಬೇಡಿದವು. ಇಲಿಗೆ ಬಾಲ್ಯದ ಕೊರಗು ಇತ್ತೆಂದು ಯಾರೂ ಹೇಳಲಾರರು. ಕರುಳಿನ ದಾರಿ ಬದಲಾದರೆ ಮಿದುಳಿನ ಬಯಕೆಯ ದಾರಿಯೂ ಸ್ವಲ್ಪ ಬದಲಾಗುತ್ತದೆಂದು ತೋರುತ್ತದೆ. ಅಮೆರಿಕದ ಹತ್ತು ಆಸ್ಪತ್ರೆಗಳ ಎರಡು ಸಾವಿರಕ್ಕೂ ಹೆಚ್ಚು ರೋಗಿಗಳನ್ನು ವರ್ಷಗಟ್ಟಲೆ ಗಮನಿಸಿದ ಅಧ್ಯಯನವೊಂದು 2017ರಲ್ಲಿ ಪ್ರಕಟವಾಯಿತು. ಮೊದಲು ಕುಡಿತದ ತೊಂದರೆಯಿಲ್ಲದೆ ನನ್ನಂಥ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಲ್ಲಿ ನೂರಕ್ಕೆ ಸುಮಾರು 21 ಮಂದಿ ಐದು ವರ್ಷಗಳೊಳಗೆ ಅಂಥ ತೊಂದರೆಯ ಲಕ್ಷಣಗಳಿಗೆ ಈಡಾಗಿದ್ದರು. ಜಠರಕ್ಕೆ ಬರಿಯ ಪಟ್ಟಿ ಬಿಗಿಸಿಕೊಂಡವರಲ್ಲಿ ಅದು ಸುಮಾರು 11. ಅದೇ ಅಧ್ಯಯನದ 2012ರ ವರದಿಯ ಪ್ರಕಾರ, ಮೊದಲನೆಯ ವರ್ಷ ಏರಿಕೆ ಕಾಣುವುದಿಲ್ಲ. ಎರಡನೆಯ ವರ್ಷ ಕಾಣುತ್ತದೆ. ನಮ್ಮವರು ವೈದ್ಯರ ಬಳಿಗೆ ಹೋಗುವುದನ್ನು ನಿಲ್ಲಿಸುವುದೂ ಸರಿಯಾಗಿ ಆಗಲೇ.

ಹೊಲಿಗೆಯ ಜಾಗದಲ್ಲಿ ಹುಣ್ಣು, ಸಕ್ಕರೆ ಥಟ್ಟನೆ ಇಳಿದು ಬೆವರಿ ನಡುಗಿ ಪ್ರಜ್ಞೆ ತಪ್ಪುವುದು, ಕಷ್ಟಪಟ್ಟು ಕಳೆದುಕೊಂಡ ತೂಕ ಮರಳಿ ಬರುವುದು, ಇವುಗಳ ವಿಷಯವನ್ನು ಯಾವ ವೈದ್ಯರಾದರೂ ಹೇಳುತ್ತಾರೆ. ನನಗೆ ಹೇಳಬೇಕಾಗಿರುವುದು ಹುಬ್ಬಳ್ಳಿಯ ತರುಣನ ವಿಷಯ.

2023ರ ಮಳೆಗಾಲದಲ್ಲಿ ಅವನ ದೂರವಾಣಿ ಬರುವುದು ನಿಂತಿತು. ಎರಡು ಸಲ ನಾನೇ ಮಾಡಿದೆ, ಯಾರೂ ತೆಗೆಯಲಿಲ್ಲ. ಮೂರನೆಯ ಸಲ ಅವನ ಅಣ್ಣ ತೆಗೆದರು. ಅಂಗಡಿಯ ಹಿಂದಿನ ಕೋಣೆಯಲ್ಲಿ ದಿನಾ ಕುಡಿಯುತ್ತಿದ್ದನಂತೆ. ಜೀವಸತ್ತ್ವದ ಮಾತ್ರೆಗಳನ್ನು ಬಿಟ್ಟು ಬಹಳ ಕಾಲವಾಗಿತ್ತು. ಕೊನೆಕೊನೆಗೆ ಉಂಡುದೆಲ್ಲ ವಾಂತಿಯಾಗಿ ಮೂರು ವಾರ ಹೊಟ್ಟೆಯಲ್ಲಿ ಏನೂ ನಿಲ್ಲಲಿಲ್ಲ. ಆಮೇಲೆ ಒಂದು ದಿನ ಸಂಜೆ ತೂರಾಡುತ್ತ ಮನೆಗೆ ಬಂದ. ಒಂದು ದೀಪ ಎರಡಾಗಿ ಕಾಣುತ್ತದೆ ಎಂದ. ಮಾತು ಒಂದಕ್ಕೊಂದು ತಾಳೆಯಾಗಲಿಲ್ಲ. “ಅವತ್ತ ಒಂದ ಹನಿ ಮುಟ್ಟಿಲ್ಲ ಅಂತ ಆಣಿ ಮಾಡಿದಾರೀ. ಯಾರೂ ನಂಬಲಿಲ್ಲ. ಕುಡದಾನ, ಮಲಗಿ ಎದ್ರ ಇಳೀತದ ಅಂತ ಅವ್ವ ಬಾಗಲಾ ಹಾಕಿಬಿಟ್ಲು” ಎಂದರು ಅಣ್ಣ. ಎರಡು ರಾತ್ರಿ, ಒಂದು ಹಗಲು ಅವನನ್ನು ಹಾಗೆಯೇ ಮಲಗಗೊಟ್ಟರು.

1881ರಲ್ಲಿ ಜರ್ಮನಿಯ ವೈದ್ಯ ಕಾರ್ಲ್ ವರ್ನಿಕೆ ಎಂಬಾತ ಒಂದು ಹೊಸ ರೋಗವನ್ನು ವರ್ಣಿಸಿದ. ಕಣ್ಣಿನ ಗುಡ್ಡೆಗಳ ಚಲನೆ ಕೆಡುವುದು, ನಡಿಗೆ ತೂರಾಡುವುದು, ಬುದ್ಧಿ ಮಂಕಾಗುವುದು, ಇವೇ ಅದರ ಲಕ್ಷಣಗಳು. ಅವನು ಕಂಡ ರೋಗಿಗಳು ಮೂವರು, ಮೂವರೂ ಸತ್ತರು. ಇಬ್ಬರು ಕುಡುಕ ಗಂಡಸರು. ಮೂರನೆಯವಳು ಇಪ್ಪತ್ತು ವರ್ಷದ ಒಬ್ಬ ಹೊಲಿಗೆಯ ಹೆಣ್ಣು. ಅವಳು ಕುಡುಕಿಯಲ್ಲ, ಗಂಧಕಾಮ್ಲವನ್ನು ನುಂಗಿ, ಜಠರದ ಕೆಳಬಾಗಿಲು ಸುಟ್ಟು ಕಿರಿದಾಗಿ, ನಿಲ್ಲದ ವಾಂತಿಯಿಂದ ಬಳಲಿದವಳು. ಕುಡುಕರನ್ನೂ ಆ ಹುಡುಗಿಯನ್ನೂ ಒಂದೇ ರೋಗ ಏಕೆ ಹಿಡಿಯಿತೆಂಬುದು ಆಗ ಯಾರಿಗೂ ತಿಳಿಯುವಂತಿರಲಿಲ್ಲ. ಜೀವಸತ್ತ್ವಗಳೆಂಬುವು ಇವೆಯೆಂದೇ ಪ್ರಪಂಚಕ್ಕೆ ಗೊತ್ತಾಗಿರಲಿಲ್ಲ. ಅವರೆಲ್ಲರಲ್ಲಿಯೂ ಬತ್ತಿಹೋಗಿದ್ದುದು ಥಯಮಿನ್, ಅಂದರೆ ಬಿ1 ಜೀವಸತ್ತ್ವ. ಅಕ್ಕಿಯನ್ನು ಬೆಳ್ಳಗೆ ಮಾಡುವಾಗ ತೌಡಿನೊಡನೆ ಹಾರಿಹೋಗುವುದೂ, ನಮ್ಮ ಕರಾವಳಿಯವರು ಬತ್ತವನ್ನು ಬೇಯಿಸಿ ಕುಸುಬಲಕ್ಕಿ ಮಾಡುವಾಗ ಕಾಳಿನೊಳಕ್ಕೆ ಇಳಿದು ಉಳಿಯುವುದೂ ಇದೇ. ದೇಹದಲ್ಲಿ ಇದರ ಸಂಗ್ರಹ ಎರಡು ಮೂರು ವಾರಕ್ಕೆ ಸಾಲುವಷ್ಟು ಮಾತ್ರ. ವಾಂತಿ ಅದನ್ನು ಒಳಗೆ ಬರಗೊಡುವುದಿಲ್ಲ. ಮದ್ಯ ಕರುಳು ಅದನ್ನು ಹೀರುವುದಕ್ಕೇ ಅಡ್ಡಿಯಾಗುತ್ತದೆ. ವರ್ನಿಕೆಯ ಮೂವರು ರೋಗಿಗಳೂ ನನ್ನ ಮಿತ್ರನೊಬ್ಬನಲ್ಲಿಯೇ ಕೂಡಿಕೊಂಡಿದ್ದರು.

ಎಲ್ಲಕ್ಕಿಂತ ದಾರುಣವಾದುದು, ಈ ರೋಗದ ವೇಷ. ತೂರಾಡುವುದು, ತೊದಲುವುದು, ಒಂದು ಎರಡಾಗಿ ಕಾಣುವುದು. ಕುಡಿದವನಲ್ಲಿ ಇದನ್ನು ಕಂಡರೆ ಯಾವ ತಾಯಿ ತಾನೇ ಮಿದುಳು ಸಾಯುತ್ತಿದೆ ಎಂದುಕೊಂಡಾಳು? ಕುಡಿಯುವುದಿಲ್ಲವೆಂದು ವೈದ್ಯರಿಗೆ ಹೇಳಿದವರು, ಶಸ್ತ್ರಚಿಕಿತ್ಸೆಯೇ ಆಗಿಲ್ಲವೆಂದು ಊರಿಗೆ ಹೇಳಿದವರು, ಆ ರಾತ್ರಿ ಯಾರ ಬಾಗಿಲನ್ನು ಬಡಿಯಬೇಕು? ಎರಡನೆಯ ದಿನ ಬೆಳಗ್ಗೆ ಎಬ್ಬಿಸಿದರೆ ಏಳಲಿಲ್ಲವೆಂದು ಆಸ್ಪತ್ರೆಗೆ ಒಯ್ದರು. ಅಲ್ಲಿಯ ತರುಣ ವೈದ್ಯೆಯೊಬ್ಬರು ಅವನ ಕಣ್ಣುಗಳನ್ನು ನೋಡಿ, ಹೊಟ್ಟೆಯ ಮೇಲಿನ ಸಣ್ಣ ಸಣ್ಣ ಗಾಯದ ಗುರುತುಗಳನ್ನು ನೋಡಿ, ಇದು ಯಾವ ಆಪರೇಷನ್ ಎಂದು ಕೇಳಿದರು. ಅಣ್ಣ ಹರ್ನಿಯಾ ಎಂದರು. ತಾಯಿ ತಡೆಯಲಾರದೆ ನಿಜವನ್ನು ಹೇಳಿದಳು. ಗ್ಲೂಕೋಸನ್ನು ತಡೆದು, ಮೊದಲು ಥಯಮಿನ್ನನ್ನು ರಕ್ತನಾಳಕ್ಕೆ ಹಾಯಿಸಿದರು. ಈ ಅನುಕ್ರಮ ತಪ್ಪಿ ಗ್ಲೂಕೋಸು ಮೊದಲು ಹೋದರೆ ಉಳಿದಿರುವ ಚೂರುಪಾರೂ ಅದನ್ನು ಅರಗಿಸುವುದರಲ್ಲಿಯೇ ಖರ್ಚಾಗಿ ರೋಗ ಉಲ್ಬಣಿಸಬಹುದು. ಮೂರು ದಿನಗಳಲ್ಲಿ ಕಣ್ಣು ಸ್ಥಿಮಿತಕ್ಕೆ ಬಂತು. ಕಾಲು ಪೂರ್ತಿ ಬರಲಿಲ್ಲ.

ಈ ಸಮಾಚಾರ ತಿಳಿದ ವಾರವೇ ನಾನು ನನ್ನ ವೈದ್ಯರ ಬಳಿಗೆ ಹೋದೆ. ಅಣ್ಣನನ್ನು ಕರೆದುಕೊಂಡು ಹೋಗಲಿಲ್ಲ. ಹೆಂಡತಿ ಬರುತ್ತೇನೆಂದಳು, ಬೇಡವೆನ್ನಲು ಬಾಯಿ ಬರಲಿಲ್ಲ. ಮೂವತ್ತು ವರ್ಷದ ಶನಿವಾರಗಳನ್ನೂ ಹತ್ತು ತಿಂಗಳ ಉಳಿದ ವಾರಗಳನ್ನೂ ಒಪ್ಪಿಸಿದೆ. ವೈದ್ಯರು ಬೈಯಲಿಲ್ಲ. ಹಳೆಯ ಕಡತವನ್ನು ತೆರೆದು “ಇಲ್ಲ” ಎಂದು ಬರೆದಿದ್ದುದನ್ನು ಹೊಡೆದುಹಾಕಿ, ಪಕ್ಕದಲ್ಲಿ ಏನೋ ಬರೆದರು. ಶಸ್ತ್ರಚಿಕಿತ್ಸೆಯಾದ ಮೊದಲ ಆರು ತಿಂಗಳು, ವರ್ಷದವರೆಗೆ ಮದ್ಯ ಕೂಡದೆಂದು ಎಲ್ಲರಿಗೂ ಹೇಳುತ್ತಾರಂತೆ. ನನ್ನಂಥವನಿಗೆ ಇನ್ನು ಎಂದಿಗೂ ಕೂಡದು ಎಂದರು. ರಕ್ತ ಪರೀಕ್ಷೆ, ಬಿ1 ಮಾತ್ರೆ, ವಾರಕ್ಕೊಮ್ಮೆ ಒಬ್ಬ ಮನಶ್ಶಾಸ್ತ್ರಜ್ಞರೊಡನೆ ಮಾತು. ಅಷ್ಟು ದಿನ ಕುಡಿದವರು ಕೆಲವರಿಗೆ ಒಮ್ಮೆಗೇ ನಿಲ್ಲಿಸಿದರೆ ನಡುಕ, ಸೆಳವು ಬರುವುದುಂಟಾದ್ದರಿಂದ ಮೊದಲ ವಾರ ತಮ್ಮ ಕಣ್ಣೆದುರಿಗೇ ಇರಬೇಕೆಂದರು. ಹೊರಗೆ ಬಂದಮೇಲೆ, ನನಗೆ ಹೇಳಬಾರದಿತ್ತೇ ಎಂದು ಹೆಂಡತಿಯನ್ನು ಕೇಳಿದೆ. “ಅವತ್ತು ಡಾಕ್ಟ್ರು ಕೇಳಿದ್ದು ನಿಮ್ಮನ್ನ” ಎಂದಳು. ಬಹಳ ಹೊತ್ತಿನ ಮೇಲೆ, ಆಟೋರಿಕ್ಷಾದಲ್ಲಿ, “ನಾನೂ ಹೇಳಬೇಕಾಗಿತ್ತು” ಎಂದಳು.

ತಾರಸಿಯ ಮಿತ್ರರು ಈಗಲೂ ಶನಿವಾರ ಸೇರುತ್ತಾರೆ. ನಾನೂ ಹೋಗಿ ಮಜ್ಜಿಗೆ ಕುಡಿದು, ಇಸ್ಪೀಟಿನಲ್ಲಿ ಅವರ ದುಡ್ಡನ್ನು ಗೆದ್ದುಕೊಂಡು ಬರುತ್ತೇನೆ. ಕೆಲವು ಶನಿವಾರ ಹೋಗುವುದಿಲ್ಲ. ಯಾವ ಶನಿವಾರ ಹೋಗಬಾರದೆಂಬುದು ಮಧ್ಯಾಹ್ನವೇ ತಿಳಿದುಬಿಡುತ್ತದೆ.

ಹುಬ್ಬಳ್ಳಿಯ ತರುಣ ಕೋಲು ಹಿಡಿದು ಅಂಗಡಿಗೆ ಬರುತ್ತಾನೆ. ಹಳೆಯ ಗಿರಾಕಿಗಳ ಹೆಸರು, ಅವರ ಮಕ್ಕಳ ಮದುವೆಗೆ ಕೊಟ್ಟ ಸೀರೆಯ ಬಣ್ಣ, ಎಲ್ಲವೂ ನೆನಪಿದೆ. ಇಂದು ಬೆಳಗ್ಗೆ ಬಂದವರು ಮಧ್ಯಾಹ್ನಕ್ಕೆ ನೆನಪಿರುವುದಿಲ್ಲ. ಭಾನುವಾರ ಅವನ ಅಣ್ಣ ದೂರವಾಣಿಯನ್ನು ಹಚ್ಚಿಕೊಡುತ್ತಾರೆ. “ಕಾಕಾ, ಎಷ್ಟ ಕಿಲೋ ಇಳದ್ರಿ?” ಎನ್ನುತ್ತಾನೆ. ಮೂವತ್ತೇಳು ಎನ್ನುತ್ತೇನೆ. ನಾ ನಿಮ್ಮನ್ನ ಹಿಂದ ಹಾಕಿದೆ ಬಿಡ್ರಿ ಎಂದು ನಗುತ್ತಾನೆ. ಮಳೆಯ ಮಾತು, ಅಂಗಡಿಯ ಮಾತು ಆಡುತ್ತೇವೆ. ಸ್ವಲ್ಪ ಹೊತ್ತಿನ ಮೇಲೆ, “ಕಾಕಾ, ಎಷ್ಟ ಕಿಲೋ ಇಳದ್ರಿ?” ಎನ್ನುತ್ತಾನೆ. ಮೂವತ್ತೇಳು ಎನ್ನುತ್ತೇನೆ.